ಬೆಳೆಗೂ ಬೆಲೆಗೂ ನಡುವೆ ಒಂದೇ ಬಿಟ್

ಆಯುಧಪೂಜೆಯ ದಿನ ದೇವರಗುಡ್ಡದ ಕರಿಯಾಲ ಎಂಬಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸೀಮೆಯ ಹಳ್ಳಿಹಳ್ಳಿಗಳಿಂದ ಬಂದ ಜನ, ಕರಿಕಂಬಳಿಯ ಗೊರವಯ್ಯಗಳು, ಡಮರುಗದ ಸದ್ದು, ಮುಗಿಲಿಗೆ ತೂರಿದ ಭಂಡಾರ. ಯಾರ ಮುಖ ನೋಡಿದರೂ ಅರಿಸಿನ. ಗುಡ್ಡದ ದೈವ ಮಾಲತೇಶನ ಹೆಸರಲ್ಲಿ ಏಳುಕೋಟಿಯ ಘೋಷ ಏಳುತ್ತಲೇ ಇರುತ್ತದೆ. ಅಷ್ಟರಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಸರಸರನೆ ಏರಿ, ತುದಿಯಲ್ಲಿ ನಿಂತು, ಒಮ್ಮೆ ಕೂಗುತ್ತಾರೆ: ‘ಸದ್ದಲೇ!’

ಅಷ್ಟೇ. ಸಾವಿರ ಸಾವಿರ ಗಂಟಲು ಒಂದೇ ಏಟಿಗೆ ಸ್ತಬ್ಧ. ಆ ಮೌನದೊಳಕ್ಕೆ ಕಾರ್ಣಿಕದ ನುಡಿ, ಒಂದೇ ಒಂದು ಸಾಲು, ಬೀಳುತ್ತದೆ, ‘ಪರಾಕ್’ ಎಂದು ಮುಗಿಯುತ್ತದೆ. ಮರುಗಳಿಗೆ ಗೊರವಯ್ಯ ಮೇಲಿನಿಂದ ಕೆಳಕ್ಕೆ ಬೀಳುತ್ತಾರೆ, ಕೆಳಗೆ ಚಾಚಿದ ಕೈಗಳು ಅವರನ್ನು ಆತುಕೊಳ್ಳುತ್ತವೆ. ಆಮೇಲೆ ಶುರುವಾಗುತ್ತದೆ ಮಾತು: ಮಳಿ ಹೆಂಗಂತ? ಬೆಳಿ ಹೆಂಗಂತ? ರಾಜಕೀಯದಾಗ ಏನಂತ?

ಆ ಸಾಲಿನ ಒಂದೊಂದು ಅಕ್ಷರಕ್ಕೂ ತೂಕವಿದೆ. ಒಂದಕ್ಷರ ತಪ್ಪಿ ಕೇಳಿಸಿದರೆ ವರ್ಷದ ಅರ್ಥವೇ ಬೇರೆಯಾದೀತು.

ಈಗ ಒಂದು ಸಂಗತಿ ಹೇಳುತ್ತೇನೆ. ಇದು ತಿಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಯೂನಿಕೋಡ್ ಎಂಬ ಅಕ್ಷರಪಟ್ಟಿ ಕೊಟ್ಟ ಒಂದು ಸಂಖ್ಯೆ ಉಂಟು. ‘ಲ’ದ ಸಂಖ್ಯೆ 3250. ‘ಳ’ದ ಸಂಖ್ಯೆ 3251. ಯಂತ್ರದ ಹೊಟ್ಟೆಯಲ್ಲಿ ಎರಡೂ ಸೊನ್ನೆ, ಒಂದುಗಳ ಸಾಲುಗಳು. ಸಾಲಿನ ಒಂದೊಂದು ಸೊನ್ನೆಗೂ ಒಂದಕ್ಕೂ ಬಿಟ್ ಎಂದು ಹೆಸರು. ‘ಲ’ದ ಸಾಲು ಸೊನ್ನೆಯಲ್ಲಿ ಮುಗಿಯುತ್ತದೆ, ‘ಳ’ದ ಸಾಲು ಒಂದರಲ್ಲಿ. ಮಿಕ್ಕಿದ್ದೆಲ್ಲ ಪಡಿಯಚ್ಚು. ಅಂದರೆ ‘ಬೆಳೆ’ ಎಂಬುದು ‘ಬೆಲೆ’ ಆಗಿಬಿಡಲು ಒಂದೇ ಒಂದು ಬಿಟ್ ಮಗುಚಿದರೆ ಸಾಕು! ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗುವ ರೈತನನ್ನು ಕೇಳಿ, ಬೆಳೆಯಿಂದ ಬೆಲೆಯವರೆಗಿನ ದಾರಿ ಎಷ್ಟು ಉದ್ದವೆಂದು. ಅವನ ವರ್ಷವೆಲ್ಲ ಆ ದಾರಿಯಲ್ಲೇ ಸವೆಯುತ್ತದೆ. ಯಂತ್ರದೊಳಗೆ ಅದು ಒಂದು ಬಿಟ್ಟಿನ ದಾರಿ.

ಬಿಟ್ಟುಗಳು ಮಗುಚುತ್ತವೆ. ದಿನವೂ, ಎಲ್ಲೋ ಒಂದು ಕಡೆ. ಮಗುಚಿದಾಗ ಯಂತ್ರದೊಳಗೆ ನಡೆಯುವುದನ್ನು ಕಂಡರೆ ಕರಿಯಾಲದ ಆ ಮೌನವೇ ನೆನಪಾಗುತ್ತದೆ. ಅಲ್ಲೂ ಒಂದು ‘ಸದ್ದಲೇ’ ಇದೆ. ಅಲ್ಲೂ ಒಂದೇ ಸಾಲಿನ ನುಡಿಯಿದೆ. ಅಲ್ಲೂ ಬೀಳುವವರಿದ್ದಾರೆ, ಆತುಕೊಳ್ಳುವ ಕೈಗಳಿವೆ.

ಮುಗಿಲಿನಿಂದ ಸುರಿಯುವ ಇನ್ನೊಂದು ಮಳೆ

ಮೆಮೊರಿ ಚಿಪ್ಪಿನಲ್ಲಿ ಒಂದು ಬಿಟ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹಗೇವು. ನಮ್ಮ ಸೀಮೆಯ ಹಗೇವಿನಲ್ಲಿ ಜೋಳ ತುಂಬಿದಂತೆ ಇದರಲ್ಲಿ ವಿದ್ಯುತ್ತಿನ ಕಣಗಳನ್ನು ತುಂಬುತ್ತಾರೆ. ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ ಎಂದಿಟ್ಟುಕೊಳ್ಳಿ. ಈ ಹಗೇವು ಸೋರುತ್ತದೆ. ಅದಕ್ಕೇ ಯಂತ್ರ ಪ್ರತಿ ಹಗೇವನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಇಣುಕಿ ನೋಡಿ ಮತ್ತೆ ತುಂಬಿಸುತ್ತದೆ. ಒಂದು ಸೆಕೆಂಡಿಗೆ ಹದಿನೈದು ಸಲ! ನೀವು ಈ ಸಾಲು ಓದುವಷ್ಟರಲ್ಲಿ ನಿಮ್ಮ ಫೋನಿನ ಕೋಟಿಗಟ್ಟಲೆ ಹಗೇವುಗಳು ಎಷ್ಟೋ ಬಾರಿ ತುಂಬಿ ಸೋರಿ ತುಂಬಿವೆ.

ಇಷ್ಟು ನಾಜೂಕಾದ ಜಾಗಕ್ಕೆ ಮುಗಿಲಿನಿಂದ ಏಟು ಬೀಳುತ್ತದೆ. ಅಂತರಿಕ್ಷದ ಆಳದಿಂದ ಬಂದ ಕಣಗಳು ನಮ್ಮ ವಾತಾವರಣಕ್ಕೆ ಅಪ್ಪಳಿಸಿ ಚೂರಾಗಿ, ಆ ಚೂರುಗಳು ಮಳೆಯಂತೆ ಕೆಳಗಿಳಿಯುತ್ತವೆ. ಅಂಗೈ ಚಾಚಿ ನಿಂತುಕೊಳ್ಳಿ: ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಮ್ಯುಯಾನ್ ಎಂಬ ಕಣ ಅದರ ಮೂಲಕ ಹಾದುಹೋಗುತ್ತಿರುತ್ತದೆ. ಅದರ ಜೊತೆಗೇ ಇಳಿಯುವ ನ್ಯೂಟ್ರಾನ್ ಒಂದು ಸಿಲಿಕಾನ್ ಪರಮಾಣುವಿನ ನಡುವಿಗೆ ಬಡಿದರೆ, ಅಲ್ಲಿ ಚಿಮ್ಮಿದ ವಿದ್ಯುದಾವೇಶ ಹಗೇವನ್ನು ಮಗುಚಬಲ್ಲದು.

ಈ ಮಳೆಯ ಕತೆಯಲ್ಲಿ ಕರ್ನಾಟಕದ ನೆಲಕ್ಕೆ ಒಂದು ದೊಡ್ಡ ಅಧ್ಯಾಯವಿದೆ. 1951ರಲ್ಲಿ ಬಿ.ವಿ. ಶ್ರೀಕಂಠನ್ ಎಂಬ ತರುಣ ವಿಜ್ಞಾನಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಉಪಕರಣಗಳನ್ನು ಹೊತ್ತು ಕೋಲಾರದ ಚಿನ್ನದ ಗಣಿಗೆ ಇಳಿದರು. ಆಳಕ್ಕೆ ಹೋದಷ್ಟೂ ಈ ಮಳೆ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆಯುವುದು ಉದ್ದೇಶ. ಮುಂದಿನ ವರ್ಷಗಳಲ್ಲಿ ಸಂಸ್ಥೆಯವರು ಇನ್ನೂ ಕೆಳಗೆ, ಇನ್ನೂ ಕೆಳಗೆ ಇಳಿಯುತ್ತ ಹೋದರು. ಎರಡೂವರೆ ಕಿಲೋಮೀಟರಿಗೂ ಆಳದಲ್ಲಿ ಎರಡು ತಿಂಗಳು ಕಾದು ಕೂತರೂ ಒಂದೇ ಒಂದು ಮ್ಯುಯಾನ್ ಸಿಗಲಿಲ್ಲ! ಅಂಥ ನಿಶ್ಶಬ್ದ. ಆ ನಿಶ್ಶಬ್ದವನ್ನೇ ಬಳಸಿಕೊಂಡು 1965ರಲ್ಲಿ ಅದೇ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣದ ಗುರುತು ಹಿಡಿದರು. ಶ್ರೀಕಂಠನ್ ಮುಂದೆ ಆ ಸಂಸ್ಥೆಯ ನಿರ್ದೇಶಕರಾದರು.

ಚಿನ್ನದ ಗಣಿಯ ತಳಕ್ಕೆ ಹೋದರೆ ಮಾತ್ರ ಈ ಮಳೆಯಿಂದ ಬಿಡುಗಡೆ. ನಮ್ಮ ಸರ್ವರುಗಳೋ, ನೆಲದ ಮೇಲೇ ಇವೆ. 1978ರಲ್ಲಿ ಇಂಟೆಲ್‌ನ ತಿಮೊತಿ ಮೇ ಮತ್ತು ಮರ್ರೆ ವುಡ್ಸ್ ಇನ್ನೊಂದು ಶತ್ರುವನ್ನೂ ತೋರಿಸಿದರು. ಚಿಪ್ಪಿನ ಹೊದಿಕೆಯಲ್ಲೇ ಅಡಗಿದ್ದ ಯುರೇನಿಯಂ, ಥೋರಿಯಂಗಳ ಲೇಶ ಹೊರಸೂಸುವ ಆಲ್ಫಾ ಕಣಗಳೂ ಬಿಟ್ ಮಗುಚುತ್ತಿದ್ದವು. ಇವೆರಡರ ಜೊತೆಗೆ ಹಳತಾಗಿ ಸವೆದ ಚಿಪ್ಪುಗಳ ಸ್ವಂತ ದೋಷವೂ ಸೇರುತ್ತದೆ. ಗೂಗಲ್‌ನ ಸರ್ವರುಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ವರ್ಷದಲ್ಲಿ ಶೇ 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳು ಒಂದಾದರೂ ತಪ್ಪು ಮಾಡಿದ್ದವು. ಯಂತ್ರಗಳ ಲೆಕ್ಕಕ್ಕೆ ಬಂದರೆ ಸುಮಾರು ಮೂರರಲ್ಲಿ ಒಂದು!

2003ರಲ್ಲಿ ಬೆಲ್ಜಿಯಂನ ಸ್ಕಾರ್ಬೆಕ್‌ನಲ್ಲಿ ಯಂತ್ರದ ಮತಎಣಿಕೆ ನಡೆದಾಗ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಾಗಿ ಬಂದಿತ್ತು. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಇದೇ 4096. ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಮಗುಚಿದ್ದರ ಪಕ್ಕಾ ಹೆಜ್ಜೆಗುರುತು. ಮುಗಿಲಿನ ಕಣವೇ ಕಾರಣವಿರಬೇಕೆಂದು ಅನುಮಾನಿಸಿದರು. ಇದರಲ್ಲಿ ಎದೆ ನಡುಗಿಸುವುದು ಯಂತ್ರ ತುಟಿ ಬಿಚ್ಚದಿದ್ದದ್ದು. ತನ್ನೊಳಗೆ ತಪ್ಪಾಗಿದೆ ಎಂದು ಅದಕ್ಕೇ ಗೊತ್ತಿರಲಿಲ್ಲ.

ಹದಿನಾರು ಕವಡೆಗಳ ಗುಟ್ಟು

ತಪ್ಪಾದದ್ದು ಯಂತ್ರಕ್ಕೆ ತಾನಾಗಿ ಗೊತ್ತಾಗುವುದು ಹೇಗೆ? ಅಮೆರಿಕದ ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್‌ಗೆ ಇದೇ ಪ್ರಶ್ನೆ ಕಾಡಿತ್ತು. ವಾರದ ಕೊನೆಗೆ ಯಂತ್ರಕ್ಕೆ ಲೆಕ್ಕ ಒಪ್ಪಿಸಿ ಹೋದರೆ, ಅದು ತಪ್ಪೊಂದನ್ನು ಪತ್ತೆ ಮಾಡಿ ಕೆಲಸವನ್ನೇ ಕೈಬಿಟ್ಟಿರುತ್ತಿತ್ತು. ತಪ್ಪಿದೆಯೆಂದು ತಿಳಿಯುವ ಯಂತ್ರಕ್ಕೆ ಎಲ್ಲಿದೆಯೆಂದು ತಿಳಿಯಬಾರದೇಕೆ? 1950ರಲ್ಲಿ ಅವರು ಉತ್ತರ ಪ್ರಕಟಿಸಿದರು.

ಆ ಉತ್ತರದ ತಿರುಳನ್ನು ಗುಡ್ಡದ ಮೆಟ್ಟಿಲ ಮೇಲೆ ಕೂತು ನೀವೇ ಮಾಡಿ ನೋಡಬಹುದು. ಗೊರವಯ್ಯನ ಕೊರಳಲ್ಲಿ ಇರುವಂಥ ಕವಡೆ ಹದಿನಾರು ತೆಗೆದುಕೊಳ್ಳಿ. ನಾಲ್ಕು ಸಾಲು, ಸಾಲಿಗೆ ನಾಲ್ಕು, ಹೇಗೆ ಬೇಕೋ ಹಾಗೆ ಜೋಡಿಸಿ. ಕೆಲವು ಅಂಗಾತ, ಕೆಲವು ಬೋರಲು. ಈಗ ಪ್ರತಿ ಸಾಲಿನ ಕೊನೆಗೂ ಒಂದು, ಪ್ರತಿ ಕಂಬದ ಕೆಳಗೂ ಒಂದು ಹೆಚ್ಚಿನ ಕವಡೆ ಇಡಿ. ಅದನ್ನು ಇಡುವಾಗ ಆ ಸಾಲಿನಲ್ಲಿ, ಆ ಕಂಬದಲ್ಲಿ ಅಂಗಾತ ಬಿದ್ದವುಗಳ ಸಂಖ್ಯೆ ಸಮಸಂಖ್ಯೆ ಆಗುವಂತೆ ನೋಡಿಕೊಳ್ಳಿ. ಮುಗಿಯಿತು. ಈಗ ಕಣ್ಣು ಮುಚ್ಚಿ, ಗೆಳೆಯನೊಬ್ಬ ಆ ಹದಿನಾರರಲ್ಲಿ ಒಂದು ಕವಡೆ ಮಗುಚಲಿ.

ಕಣ್ಣು ತೆರೆದು ಎಣಿಸಿ. ಒಂದು ಸಾಲು ಬೆಸವಾಗಿರುತ್ತದೆ. ಒಂದು ಕಂಬ ಬೆಸವಾಗಿರುತ್ತದೆ. ಅವೆರಡೂ ಕೂಡುವ ಜಾಗದಲ್ಲಿ ಕಳ್ಳ ಕೂತಿದ್ದಾನೆ! ಮಗುಚಿಬಿಡಿ, ಎಲ್ಲ ಮೊದಲಿನಂತೆ. ಇಲ್ಲಿ ನಡೆದದ್ದನ್ನು ಮತ್ತೆ ಯೋಚಿಸಿ: ಮೊದಲು ಏನಿತ್ತೆಂದು ನೀವು ನೆನಪಿಟ್ಟುಕೊಂಡಿರಲಿಲ್ಲ. ಆದರೂ ಕಳೆದುಹೋದ ಸತ್ಯ ಮರಳಿ ಬಂತು.

ಗೆಳೆಯ ಒಂದೇ ಸಾಲಿನ ಎರಡು ಕವಡೆ ಮಗುಚಿದರೆ? ಸಾಲು ಸಮವಾಗಿಯೇ ಕಾಣುತ್ತದೆ, ಎರಡು ಕಂಬಗಳು ಮಾತ್ರ ಬೆಸ. ತಪ್ಪಾಗಿರುವುದು ಖಚಿತ, ಎಲ್ಲೆಂದು ಹೇಳಲಾಗದು. ಸರ್ವರಿನ ಮೆಮೊರಿಯಲ್ಲೂ ಹೀಗೇ. ಸಾಮಾನ್ಯವಾಗಿ ಪ್ರತಿ 64 ಬಿಟ್ಟಿಗೆ 8 ಕಾವಲು ಬಿಟ್ಟುಗಳು. ಒಂದು ಮಗುಚಿದರೆ ಸದ್ದಿಲ್ಲದೆ ತಿದ್ದಿಬಿಡುತ್ತವೆ, ಯಾರ ನಿದ್ದೆಯೂ ಕೆಡುವುದಿಲ್ಲ. ಎರಡು ಮಗುಚಿದರೆ ತಿದ್ದಲಾರವು, ಆದರೆ ಕೂಗಬಲ್ಲವು.

ಯಂತ್ರದ ‘ಸದ್ದಲೇ’

ಆ ಕೂಗಿನ ಹೆಸರು ಮಷೀನ್ ಚೆಕ್. ಇಂಟೆಲ್ ವಂಶದ ಪ್ರೊಸೆಸರುಗಳಲ್ಲಿ ಅದು 18ನೇ ಸಂಖ್ಯೆಯ ಅಪವಾದ ಸಂಕೇತ. ಅದು ಎದ್ದಾಗ ನಡೆಯುವುದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತು. ಇಂಟೆಲ್ ಸರ್ವರುಗಳಲ್ಲಿ ಈ ಕೂಗು ಸಾಮಾನ್ಯವಾಗಿ ಪ್ರತಿ ಕೋರ್‌ಗೂ, ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಪ್ರತಿ ಘಟಕಕ್ಕೂ, ಒಟ್ಟಿಗೇ ತಲುಪುತ್ತದೆ. ಎಲ್ಲ ಕೋರ್‌ಗಳೂ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಒಂದು ಕಡೆ ಬಂದು ನಿಲ್ಲುತ್ತವೆ. ಯಾರದೋ ಲೆಕ್ಕ, ಯಾರದೋ ಚಿತ್ರ, ಯಾರದೋ ಟಿಕೆಟ್, ಎಲ್ಲ ಸ್ತಬ್ಧ. ಮೊದಲು ಬಂದ ಕೋರ್ ಮುಂದಾಳು. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ ಆದ ಲಿನಕ್ಸ್ ಕರ್ನಲ್ ಬರೆದವರು ಅದಕ್ಕೆ ‘ಮೊನಾರ್ಕ್’, ಅಂದರೆ ಅರಸ ಎಂದೇ ಹೆಸರಿಟ್ಟಿದ್ದಾರೆ. ಅರಸನ ಅಪ್ಪಣೆಯಾಗುವವರೆಗೆ ಉಳಿದವರು ಉಸಿರು ಬಿಗಿಹಿಡಿದು ಕಾಯಬೇಕು.

ಆ ಮೌನದಲ್ಲಿ ಪ್ರೊಸೆಸರ್ ತನ್ನ ಒಂದು ಸಾಲಿನ ನುಡಿಯನ್ನು ಆಡುತ್ತದೆ. ರಿಜಿಸ್ಟರ್ ಎಂಬ ಪುಟ್ಟ ಗೂಡುಗಳಲ್ಲಿ 64 ಬಿಟ್ಟಿನ ಒಂದು ಸ್ಥಿತಿಸಂಖ್ಯೆ, ಪಕ್ಕದಲ್ಲಿ ಒಂದು ವಿಳಾಸ. ನೋಡಿದರೆ ಒಗಟು. ಅರ್ಥ ಬಿಡಿಸುವುದು ಕರ್ನಲ್‌ನ ಹೊಣೆ. ಈ ಬಿಟ್ ಒಂದಾಗಿದ್ದರೆ ದೋಷ ತಿದ್ದಲಾರದ್ದು. ಆ ಬಿಟ್ ಒಂದಾಗಿದ್ದರೆ ವಿಳಾಸ ನಂಬಬಹುದು. ಇನ್ನೊಂದು ಬಿಟ್ ಒಂದಾಗಿದ್ದರೆ ಪ್ರೊಸೆಸರಿನ ಸ್ವಂತ ಸ್ಥಿತಿಯೇ ಕೆಟ್ಟಿದೆ, ಇನ್ನು ಮುಂದುವರಿಯುವಂತಿಲ್ಲ. ಈ ಕೊನೆಯದು ಬಂದರೆ ಕರ್ನಲ್ ಇಡೀ ಯಂತ್ರವನ್ನು ನಿಲ್ಲಿಸುತ್ತದೆ. ಸುಳ್ಳು ಲೆಕ್ಕ ಕೊಡುವುದಕ್ಕಿಂತ ಸುಮ್ಮನಾಗುವುದು ಲೇಸೆಂಬ ನಿಷ್ಠೆ ಅದು.

ಉಳಿದ ಸಂದರ್ಭಗಳಲ್ಲಿ ಬದುಕಿಸುವ ದಾರಿಯಿದೆ. 2009ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6.32ರಲ್ಲಿ ಈ ವಿದ್ಯೆ ಸೇರಿತು. ಕರ್ನಲ್ ಮೆಮೊರಿಯನ್ನು 4096 ಬೈಟುಗಳ ಪುಟಗಳಾಗಿ ವಿಂಗಡಿಸಿಕೊಂಡಿರುತ್ತದೆ. ಕೆಟ್ಟ ಹಗೇವು ಯಾವ ಪುಟದಲ್ಲಿದೆಯೋ ಆ ಪುಟಕ್ಕೆ ‘ವಿಷ ಸೋಕಿದೆ’ ಎಂದು ಗುರುತು ಹಾಕುತ್ತದೆ. ಇನ್ನು ಮುಂದೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ಕಾಯಿ ಆರಿಸುವ ಹೆಣ್ಣುಮಕ್ಕಳ ಕೈಗಳನ್ನು ನೋಡಿದ್ದೀರಾ? ಸುಕ್ಕುಸುಕ್ಕಾದ ಕಡುಗೆಂಪು ಕಾಯಿಗಳ ನಡುವೆ ಬಿಳಿಚಿದ ಒಂದು ಕಾಯಿ ಕಂಡರೆ ಬೆರಳು ಅದನ್ನಷ್ಟೇ ಎತ್ತಿ ಪಕ್ಕಕ್ಕೆ ಹಾಕುತ್ತದೆ. ಚೀಲ ಸುಡುವುದಿಲ್ಲ, ರಾಶಿ ಚೆಲ್ಲುವುದಿಲ್ಲ. ಕರ್ನಲ್‌ನ ಬೆರಳೂ ಅಷ್ಟೇ ಹದವಾದದ್ದು. ಆ ಪುಟ ಯಾರಿಗೂ ಸೇರದೆ ಖಾಲಿಯಿತ್ತೇ? ಎತ್ತಿಟ್ಟರಾಯಿತು. ಅದರ ಅಸಲು ಪ್ರತಿ ಡಿಸ್ಕಿನಲ್ಲಿದೆಯೇ? ಈ ನಕಲು ಬಿಸಾಕಿ, ಹೊಸದಾಗಿ ಓದಿಕೊಂಡರಾಯಿತು, ಯಾರಿಗೂ ಗೊತ್ತೇ ಆಗುವುದಿಲ್ಲ. ಒಂದು ಪ್ರೋಗ್ರಾಂ ಆಗಷ್ಟೇ ಬರೆದ, ಬೇರೆಲ್ಲೂ ಪ್ರತಿಯಿಲ್ಲದ ಮಾಹಿತಿಯೇ? ಆಗ ಆ ಪ್ರೋಗ್ರಾಂ ಒಂದಕ್ಕೇ ಸುದ್ದಿ ಮುಟ್ಟಿಸಬೇಕು. ಸುದ್ದಿ ತಾಳಿಕೊಳ್ಳುವ ಶಕ್ತಿ ಅದಕ್ಕಿಲ್ಲದಿದ್ದರೆ ಅದೊಂದೇ ಬೀಳುತ್ತದೆ. ಉಳಿದವರು ಏನೂ ಆಗದಂತೆ ನಡೆಯುತ್ತಿರುತ್ತಾರೆ.

ವಠಾರದೊಳಗೆ ಮೂರು ಸಲ ನುಡಿದ ಕಾರ್ಣಿಕ

ಇಷ್ಟಕ್ಕೇ ಬೆರಗಾದರೆ ಸಾಲದು. ಇಂದಿನ ದೊಡ್ಡ ಸರ್ವರ್ ಒಂದೇ ಮನೆಯಲ್ಲ, ವಠಾರ. ಒಂದೇ ಯಂತ್ರದೊಳಗೆ ಹತ್ತಾರು ವರ್ಚುವಲ್ ಮಷೀನುಗಳು, ಅಂದರೆ ಮಾಯಾ ಯಂತ್ರಗಳು, ಬಾಡಿಗೆಗಿವೆ. ಒಂದರಲ್ಲಿ ಬ್ಯಾಂಕಿನ ಲೆಕ್ಕ, ಇನ್ನೊಂದರಲ್ಲಿ ಆಸ್ಪತ್ರೆಯ ದಾಖಲೆ. ಪ್ರತಿ ಬಾಡಿಗೆದಾರನಿಗೂ ತನ್ನದೇ ಕರ್ನಲ್, ತನ್ನದೇ ಮೆಮೊರಿ ಎಂಬ ನಂಬಿಕೆ. ಇಡೀ ಯಂತ್ರ ತನ್ನದೇ ಎಂದು ತಿಳಿದು ಪುಟಗಳಿಗೆ ಸೊನ್ನೆಯಿಂದ ಎಣಿಸಿ ನಂಬರು ಹಾಕಿಕೊಂಡಿರುತ್ತಾನೆ. ಅಸಲಿಗೆ ಅವನ ಏಳನೇ ಪುಟ ವಠಾರದ ಯಾವುದೋ ಮೂಲೆಯಲ್ಲಿರುತ್ತದೆ. ಲಿನಕ್ಸಿನಲ್ಲಿ ಈ ಮಾಯೆಯನ್ನು ನಡೆಸುವುದು 2007ರಲ್ಲಿ ಕರ್ನಲ್ಲಿಗೆ ಸೇರಿದ ಕೆವಿಎಂ, ಅದರ ಜೊತೆಗಾರ ಕ್ಯೂಎಮು.

ಈಗ ಒಬ್ಬ ಬಾಡಿಗೆದಾರನ ಪುಟಕ್ಕೇ ವಿಷ ಸೋಕಿತೆನ್ನಿ. ಅವನಿಗೆ ಹೇಗೆ ಹೇಳುವುದು? ಅವನಿಗೆ ನಿಜವಾದ ಯಂತ್ರ ಇದೆಯೆಂಬುದೇ ಗೊತ್ತಿಲ್ಲ! ವಠಾರದ ವಿಳಾಸ ಕೊಟ್ಟರೆ ಅವನಿಗೆ ಅರ್ಥವಾಗದು.

ಇಲ್ಲಿ ನಡೆಯುವುದು ನೋಡಿ. ಪ್ರೊಸೆಸರ್ ಮೊದಲು ನಿಜವಾದ ವಿಳಾಸವನ್ನು ನುಡಿಯುತ್ತದೆ. ವಠಾರದ ಯಜಮಾನ ಕರ್ನಲ್ ಅದನ್ನು ಕೇಳಿ, ಪುಟ ಕ್ಯೂಎಮುವಿನದೆಂದು ಗುರುತಿಸಿ, ಅದರ ಎಣಿಕೆಯ ವಿಳಾಸಕ್ಕೆ ಬದಲಿಸಿ, ‘ಸಿಗ್‌ಬಸ್’ ಎಂಬ ಸಂಕೇತದಲ್ಲಿ ಕಳಿಸುತ್ತದೆ. ಕ್ಯೂಎಮು ಅದನ್ನು ಬಾಡಿಗೆದಾರನ ಎಣಿಕೆಗೆ ಬದಲಿಸುತ್ತದೆ. ಆಮೇಲೆ ಕೆವಿಎಂ ಮೂಲಕ ಆ ಬಾಡಿಗೆದಾರನ ಮಾಯಾ ಪ್ರೊಸೆಸರಿನ ಗೂಡುಗಳಲ್ಲಿ ಒಂದು ಸ್ಥಿತಿಸಂಖ್ಯೆ ತುಂಬಿಸಿ, 18ನೇ ಸಂಕೇತವನ್ನು ಎಬ್ಬಿಸುತ್ತದೆ. ಈಗ ಒಳಗಿನ ಪುಟ್ಟ ಜಗತ್ತಿನಲ್ಲಿ ಅದರದೇ ‘ಸದ್ದಲೇ’! ಒಳಗಿನ ಕರ್ನಲ್ ಮೌನವಾಗಿ ಕೇಳಿ, ಅರ್ಥ ಬಿಡಿಸಿ, ತನ್ನ ಏಳನೇ ಪುಟ ಯಾರದೆಂದು ನೋಡಿ, ಆ ಒಂದು ಪ್ರೋಗ್ರಾಮನ್ನಷ್ಟೇ ಬೀಳಗೊಡುತ್ತದೆ. ಬ್ಯಾಂಕು ನಡೆಯುತ್ತದೆ. ಆಸ್ಪತ್ರೆ ನಡೆಯುತ್ತದೆ. ಪಕ್ಕದ ಮನೆಗೆ ಗಾಳಿಸುದ್ದಿಯೂ ಇಲ್ಲ.

ಒಂದೇ ನುಡಿ ಮೂರು ಸಲ, ಪ್ರತಿ ಸಲವೂ ಕೇಳುವವನ ಊರಿನ ಮಾತಿನಲ್ಲಿ. ಆ ಬಾಡಿಗೆದಾರನ ಯಂತ್ರ ಮಾಯೆ, ಪ್ರೊಸೆಸರ್ ಮಾಯೆ, ವಿಳಾಸ ಮಾಯೆ. ಅವನಿಗೆ ತಲುಪಿದ ಸುದ್ದಿ ಮಾತ್ರ ಅಪ್ಪಟ ನಿಜ. ಮುಂದೆ ಅವನು ಮನೆ ಮುಚ್ಚಿ ಮತ್ತೆ ತೆರೆದರೆ, ಅಂದರೆ ರೀಬೂಟ್ ಆದರೆ, ಕ್ಯೂಎಮು ಆ ಕೆಟ್ಟ ಪುಟದ ಜಾಗಕ್ಕೆ ಹೊಸ ಪುಟ ಜೋಡಿಸಿರುತ್ತದೆ. ಅವನ ಏಳನೇ ಪುಟ ಮತ್ತೆ ಹೊಚ್ಚಹೊಸದು.

ಈ ಕೆಲಸದಲ್ಲಿ ನಮ್ಮವರ ಕೈಯೂ ಇದೆ. ಐಬಿಎಂನ ಪವರ್ ಸರ್ವರುಗಳ ಕೆವಿಎಂನಲ್ಲಿ ಮೊದಲು ಈ ಸುದ್ದಿ ವರ್ಚುವಲ್ ಮಷೀನಿಗೆ ವಿವರವಿಲ್ಲದೆ ತಲುಪುತ್ತಿತ್ತು. ಏನೋ ಕೆಟ್ಟಿದೆ ಎಂಬುದಷ್ಟೇ, ಏನು ಎಲ್ಲಿ ಎಂದಿಲ್ಲ. ಅದನ್ನು ಸರಿಪಡಿಸುವ ಕೋಡ್ 2017ರಲ್ಲಿ ಲಿನಕ್ಸ್ 4.13ಕ್ಕೂ, 2020ರಲ್ಲಿ ಕ್ಯೂಎಮು 5.0ಕ್ಕೂ ಸೇರಿತು. ಅದನ್ನು ಬರೆದವರಲ್ಲಿ ಭಾರತದ ಇಂಜಿನಿಯರುಗಳಿದ್ದಾರೆ. ಅದರ ಏರ್ಪಾಟು ಎಷ್ಟು ಮನುಷ್ಯಸಹಜ! ವರ್ಚುವಲ್ ಮಷೀನು ಮೊದಲೇ ಹೇಳಿಟ್ಟಿರುತ್ತದೆ: ಕೆಟ್ಟ ಸುದ್ದಿ ಬಂದರೆ ಈ ಬಾಗಿಲು ತಟ್ಟಿ. ಸುದ್ದಿ ಬಂದಾಗ ಪೂರ್ಣ ವಿವರದ ಚೀಟಿ ಅದೇ ಬಾಗಿಲಿಗೆ ಬರುತ್ತದೆ. ಓದಿ ಮುಗಿಸಿದ ಮೇಲೆ ‘ಒಪ್ಪಿಸಿಕೊಂಡೆ’ ಎಂದು ತಿಳಿಸಬೇಕು. ಅಲ್ಲಿಯವರೆಗೆ ಇನ್ನೊಂದು ಚೀಟಿ ಈ ಚೀಟಿಯ ಮೇಲೆ ಬೀಳುವಂತಿಲ್ಲ. ಕೆಟ್ಟ ಸುದ್ದಿ ಕೇಳುವವನಿಗೆ ಕೇಳಿಸಿಕೊಳ್ಳಲು ಸಮಯ ಕೊಡಬೇಕೆಂಬುದು ಯಂತ್ರಕ್ಕೂ ತಿಳಿದಿದೆ.

ಅಂಗೈಯಲ್ಲಿ ಭಂಡಾರ

ತಪ್ಪೇ ಆಗದ ಯಂತ್ರವನ್ನು ಯಾರೂ ಕಟ್ಟಲಾರರು. ಮುಗಿಲಿನ ಮಳೆ ನಿಲ್ಲುವುದಿಲ್ಲ, ಹಗೇವು ಸೋರದಿರುವುದಿಲ್ಲ. ತಪ್ಪಾದದ್ದನ್ನು ಮುಚ್ಚಿಡದೆ ಕೂಗಿ ಹೇಳುವ, ಕೂಗಿದಾಗ ಎಲ್ಲರೂ ಸುಮ್ಮನಾಗಿ ಕೇಳುವ, ಕೇಳಿದ್ದನ್ನು ಯಾರಿಗೆ ಸೇರಬೇಕೋ ಅವರ ಮಾತಿನಲ್ಲೇ ಮುಟ್ಟಿಸುವ ಒಂದು ಏರ್ಪಾಟನ್ನು ಮಾತ್ರ ಮನುಷ್ಯರು ಸಾಲುಸಾಲಾಗಿ ಬರೆದು ಕಟ್ಟಿದ್ದಾರೆ. ಇಷ್ಟು ದೊಡ್ಡ ನಂಬಿಕೆಯನ್ನು ಇಷ್ಟು ಸಣ್ಣ ಜಾಗದಲ್ಲಿ ಕಂಡದ್ದು ನನ್ನ ಬದುಕಿನ ದೊಡ್ಡ ಬೆರಗು.

ಮತ್ತೆ ಕರಿಯಾಲಕ್ಕೆ ಬನ್ನಿ. ಗೊರವಯ್ಯ ಬಿಲ್ಲಿನ ತುದಿಯಲ್ಲಿದ್ದಾರೆ. ನಿಮ್ಮ ಅಂಗೈಯಲ್ಲಿ ಚಿಟಿಕೆ ಭಂಡಾರವಿದೆ, ಆ ಅಂಗೈಯ ಮೂಲಕ ಸೆಕೆಂಡಿಗೊಂದು ಮುಗಿಲಿನ ಕಣ ಸದ್ದಿಲ್ಲದೆ ಹಾದುಹೋಗುತ್ತಿದೆ. ಸುತ್ತ ಎತ್ತಿಹಿಡಿದ ನೂರಾರು ಫೋನುಗಳು. ಆ ಒಂದು ಸಾಲು ಕಿವಿಗೆ ಬಿದ್ದೊಡನೆ ಬೆರಳುಗಳು ಅದನ್ನು ಬರೆದು ದೂರದ ಊರುಗಳಲ್ಲಿರುವ ಅಣ್ಣತಮ್ಮಂದಿರಿಗೆ ಕಳಿಸುತ್ತವೆ. ಸಾಲು ಯಾವುದೋ ನಗರದ ಸರ್ವರಿನ ಒಳಗೆ, ಯಾವುದೋ ಬಾಡಿಗೆ ಯಂತ್ರದ ಒಂದು ಪುಟದಲ್ಲಿ ಅರೆಗಳಿಗೆ ತಂಗುತ್ತದೆ. ಅದೇ ಅರೆಗಳಿಗೆಯಲ್ಲಿ ಒಂದು ಕಣ ಬಂದು ಬಡಿಯಬಹುದು, ‘ಳ’ದ ಕೊನೆಯ ಒಂದು ಸೊನ್ನೆಯಾಗಬಹುದು. ಕಾವಲಿಗೆ ನಿಂತ ಎಂಟು ಬಿಟ್ಟುಗಳು ಸಮ, ಬೆಸ ಎಣಿಸಿ ಅದನ್ನು ಮತ್ತೆ ಮಗುಚುತ್ತವೆ.

ದೂರದೂರಿನಲ್ಲಿ ಫೋನು ಮಿಣುಕುತ್ತದೆ. ಅಣ್ಣ ಓದುತ್ತಾನೆ. ಬೆಳೆ ಎಂದು ಕಳಿಸಿದ್ದು ಬೆಳೆ ಎಂದೇ ಬಂದಿದೆ.